ಹದ್ದುಗಳ ಲೆಕ್ಕ ಇಟ್ಟ ಬೆಟ್ಟ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ, ಲಿಟಲ್ ಸ್ಕೂಲ್‌ಕಿಲ್ ನದಿಯ ಕಣಿವೆಯ ಬಳಿ ಒಂದು ಬೆಟ್ಟವಿದೆ. ಹೆಸರು ಹಾಕ್ ಮೌಂಟನ್. ಅಂದರೆ ಗಿಡುಗನ ಬೆಟ್ಟ. ಶರತ್ಕಾಲದಲ್ಲಿ ವಾಯವ್ಯ ದಿಕ್ಕಿನಿಂದ ಬೀಸುವ ಗಾಳಿ ಈ ಬೆಟ್ಟಸಾಲಿಗೆ ಬಡಿದು ಮೇಲೇಳುತ್ತದೆ. ದಕ್ಷಿಣಕ್ಕೆ ವಲಸೆ ಹೊರಟ ಹದ್ದು, ಗಿಡುಗಗಳು ಆ ಗಾಳಿಯ ಮೇಲೆ ರೆಕ್ಕೆ ಚಾಚಿ, ಹೆಚ್ಚು ಶ್ರಮವಿಲ್ಲದೆ ತೇಲಿ ಸಾಗುತ್ತವೆ.

ಈ ಅನುಕೂಲವೇ ಅವುಗಳಿಗೆ ಮುಳುವಾಗಿತ್ತು. ಬೇಟೆಯ ಹಕ್ಕಿಗಳನ್ನು ಪೀಡೆಯೆಂದು ಭಾವಿಸುತ್ತಿದ್ದ ಕಾಲ ಅದು. 1929ರಲ್ಲಿ ರಾಜ್ಯವು ಗಾಸ್‌ಹಾಕ್ ಎಂಬ ಗಿಡುಗನನ್ನು ಕೊಂದವರಿಗೆ 5 ಡಾಲರ್ ಬಹುಮಾನ ಘೋಷಿಸಿತು. ಬೆಟ್ಟದ ಮೇಲೆ ಸೇರುತ್ತಿದ್ದ ಬೇಟೆಗಾರರು ಯಾವ ಜಾತಿಯೆಂದು ನೋಡುವ ಗೋಜಿಗೂ ಹೋಗದೆ ಹಕ್ಕಿಗಳನ್ನು ಹೊಡೆದುರುಳಿಸುತ್ತಿದ್ದರು. ಇದನ್ನರಿತ ನ್ಯೂಯಾರ್ಕಿನ ರೊಸಾಲಿ ಎಜ್ ಎಂಬ ಮಹಿಳೆ 1934ರಲ್ಲಿ ಅಲ್ಲಿನ ಸುಮಾರು 1,400 ಎಕರೆ ಜಾಗವನ್ನು ಗುತ್ತಿಗೆ ಪಡೆದರು. ಮಾರಿಸ್ ಬ್ರೌನ್ ಮತ್ತು ಅವರ ಪತ್ನಿ ಇರ್ಮಾ ಕಾವಲಿಗೆ ಬಂದರು. ಗುಂಡಿನ ಸದ್ದು ನಿಂತಿತು.

ಕಾವಲು ಕಾಯುತ್ತಲೇ ಬ್ರೌನ್ ಅದೇ ಶರತ್ಕಾಲದಲ್ಲಿ ಹಾರಿಹೋಗುವ ಹಕ್ಕಿಗಳನ್ನು ಎಣಿಸತೊಡಗಿದರು. ಮಹಾಯುದ್ಧದ ಕೆಲವು ವರ್ಷ ಬಿಟ್ಟರೆ ಲೆಕ್ಕ ವರ್ಷವರ್ಷವೂ ನಡೆಯಿತು. ಬೋಳು ಹದ್ದಿನ ಮರಿಗಳನ್ನು ಪ್ರತ್ಯೇಕವಾಗಿ ಎಣಿಸಬಹುದಿತ್ತು. ಏಕೆಂದರೆ ಈ ಹದ್ದಿಗೆ ಬಿಳಿಯ ತಲೆ, ಬಿಳಿಯ ಬಾಲ ಬರಲು ನಾಲ್ಕೈದು ವರ್ಷ ಬೇಕು. ಅಲ್ಲಿಯವರೆಗೆ ಮೈಯೆಲ್ಲ ಕಂದು.

1935ರಿಂದ 1939ರವರೆಗೆ ಕಂಡ ಬೋಳು ಹದ್ದುಗಳಲ್ಲಿ ನೂರಕ್ಕೆ 40 ಎಳೆಯವು. 1955ರಿಂದ 1959ರ ಅವಧಿಯಲ್ಲಿ ಈ ಪ್ರಮಾಣ 20ಕ್ಕೆ ಇಳಿದಿತ್ತು. 1957ರಲ್ಲಂತೂ 32 ದೊಡ್ಡ ಹದ್ದುಗಳಿಗೆ ಒಂದೇ ಒಂದು ಎಳೆಯದು. ದೊಡ್ಡ ಹದ್ದುಗಳು ಹಾರುತ್ತಲೇ ಇದ್ದುದರಿಂದ ಬರಿಗಣ್ಣಿಗೆ ಕೇಡು ಕಾಣುತ್ತಿರಲಿಲ್ಲ. ಸಂತಾನ ಮಾತ್ರ ನಿಲ್ಲುತ್ತಿತ್ತು.

1962ರಲ್ಲಿ ರೇಚಲ್ ಕಾರ್ಸನ್ ತಮ್ಮ 'ಸೈಲೆಂಟ್ ಸ್ಪ್ರಿಂಗ್' ಪುಸ್ತಕದಲ್ಲಿ ಕೀಟನಾಶಕಗಳ ವಿರುದ್ಧ ಈ ಅಂಕಿಗಳನ್ನು ಮುಂದಿಟ್ಟರು. ಹೊಲಕ್ಕೆ ಸಿಂಪಡಿಸಿದ ಡಿಡಿಟಿ ನೀರು ಸೇರಿ, ಮೀನಿನ ಮೂಲಕ ಹದ್ದಿನ ದೇಹ ಸೇರುತ್ತಿತ್ತು. ಅದರಿಂದ ಮೊಟ್ಟೆಯ ಚಿಪ್ಪು ತೆಳುವಾಗಿ ಒಡೆಯುತ್ತದೆಂಬುದು ಮುಂದೆ ಸಂಶೋಧನೆಗಳಿಂದ ಸ್ಪಷ್ಟವಾಯಿತು. 1972ರಲ್ಲಿ ಅಮೆರಿಕ ಡಿಡಿಟಿ ಬಳಕೆಯನ್ನು ಬಹುಮಟ್ಟಿಗೆ ನಿಷೇಧಿಸಿತು. ಬೋಳು ಹದ್ದು ಚೇತರಿಸಿಕೊಂಡು, 2007ರಲ್ಲಿ ಅಪಾಯದಂಚಿನ ಜೀವಿಗಳ ಪಟ್ಟಿಯಿಂದ ಹೊರಬಂತು.

ಒಂದು ವರ್ಷದ ಲೆಕ್ಕದಿಂದ ಇಂಥ ಸತ್ಯ ಹೊರಬೀಳದು. ಗಾಳಿ, ಮಂಜು ಬದಲಾದರೂ ಸಂಖ್ಯೆ ಏರುಪೇರಾಗುತ್ತದೆ. ಅದೇ ಜಾಗ, ಅದೇ ಋತು, ಹತ್ತಾರು ವರ್ಷಗಳ ತಾಳ್ಮೆ ಬೇಕು. ಬ್ರೌನ್ ಎಣಿಕೆ ಶುರು ಮಾಡಿದಾಗ ಡಿಡಿಟಿ ಕೀಟನಾಶಕವಾಗಿ ಬಳಕೆಗೇ ಬಂದಿರಲಿಲ್ಲ. ಮುಂದೆ ಏಳಲಿದ್ದ ಪ್ರಶ್ನೆಗೆ ಉತ್ತರ ಅವರ ಪುಸ್ತಕದಲ್ಲಿ ಆಗಲೇ ಸೇರತೊಡಗಿತ್ತು. ಆ ಬೆಟ್ಟದಲ್ಲಿ ಎಣಿಕೆ ಇಂದಿಗೂ ನಿಂತಿಲ್ಲ.