ಪಿಸಿಓಎಸ್ ವ್ಯಾಧಿಯ ಮೂಲಸ್ಥಾನ ವಿಚಾರ

ಪಿಸಿಓಎಸ್ ಎಂದು ವೈದ್ಯರು ಕರೆಯುತ್ತ ಬಂದಿರುವ ಸ್ತ್ರೀವ್ಯಾಧಿಯ ಹೆಸರಿಗೆ ಅಂಡಾಶಯದಲ್ಲಿ ಬಹು ನೀರುಗುಳ್ಳೆಗಳುಳ್ಳದ್ದೆಂಬುದೇ ಪದಾರ್ಥವು. ಋತುಸ್ರಾವವು ಕ್ರಮತಪ್ಪುವುದು, ಮುಖದಲ್ಲಿ ರೋಮ ಬೆಳೆಯುವುದು, ಗರ್ಭ ನಿಲ್ಲದಿರುವುದು ಇದರ ಲಕ್ಷಣಗಳು. ಈ ಹೆಸರು ಕಾರ್ಯವನ್ನು ಹೇಳುವುದೇ ಹೊರತು ಕಾರಣವನ್ನಲ್ಲ.

ಇಟಲಿಯ ವಲ್ಲಿಸ್ನೇರಿಯು 1721ರಲ್ಲಿ, ಮಕ್ಕಳಿಲ್ಲದ ಒಬ್ಬ ರೈತಹೆಂಗಸಿನ ಅಂಡಾಶಯಗಳು ಪಾರಿವಾಳದ ಮೊಟ್ಟೆಗಳಂತೆ ಉಬ್ಬಿ ಬೆಳ್ಳಗೆ ಹೊಳೆಯುತ್ತಿದ್ದುವೆಂದು ಬರೆದನು. (ಕಾಶ್ಯಪಸಂಹಿತೆಯ ಪುಷ್ಪಘ್ನಿಯನ್ನು ಇದರೊಡನೆ ಸಮೀಕರಿಸುವುದುಂಟು. ರೋಮಯುಕ್ತವಾದ ಕಪೋಲದ ಸಾಮ್ಯವೇನೋ ಇದೆ. ಆದರೆ ಅಲ್ಲಿ ಪುಷ್ಪವು ಯಥಾಕಾಲದಲ್ಲಿಯೇ ಕಾಣುವುದೆಂದಿರುವುದರಿಂದ ನನಗೆ ಅದು ಸಮ್ಮತವಲ್ಲ.) 1935ರಲ್ಲಿ ಷಿಕಾಗೋ ನಗರದ ಸ್ಟೈನ್ ಮತ್ತು ಲೆವೆಂತಾಲ್ ಎಂಬವರು ಏಳು ಮಂದಿ ಸ್ತ್ರೀಯರ ವೃತ್ತಾಂತವನ್ನು ಪ್ರಕಟಿಸಿದರು. ಅಂಡಾಶಯದಿಂದ ಬೆಣೆಯಾಕಾರದ ತುಂಡನ್ನು ಕತ್ತರಿಸಿ ತೆಗೆಯಲು ಏಳು ಮಂದಿಗೂ ಋತುಸ್ರಾವವು ಮರಳಿತು, ಇಬ್ಬರು ಗರ್ಭಿಣಿಯರಾದರು. ಕತ್ತರಿಸಿದೆಡೆಯಲ್ಲಿ ಗುಣ ಕಂಡಮೇಲೆ ರೋಗವೂ ಅಲ್ಲಿಯೇ ಎಂದು ನಂಬಿದುದು ಆಶ್ಚರ್ಯವಲ್ಲ. ದಶಕಗಳ ಕಾಲ ಈ ಶಸ್ತ್ರವು ನಡೆಯಿತು; ಕೆಲವರಲ್ಲಿ ಒಳಗಿನ ಗಾಯವು ಅಂಟಿಕೊಂಡು ಹೊಸದಾಗಿ ಬಂಜೆತನವನ್ನೇ ತಂದಿತು.

1961ರಲ್ಲಿ ಕ್ಲೋಮಿಫೀನ್ ಮಾತ್ರೆಯಿಂದ ಅಂಡವಿಸರ್ಜನೆಯಾಗುವುದೆಂಬ ವರದಿಯು ಹೊರಬಂದಿತು. ಅದು ಮುಖ್ಯವಾಗಿ ಮೆದುಳಿನಲ್ಲಿ ಕೆಲಸಮಾಡತಕ್ಕದ್ದೆಂಬುದು ಗಮನಾರ್ಹ. 1971ರಲ್ಲಿ ಷಾಲಿ ಮತ್ತು ಗಿಲ್ಲೆಮಿನ್ ಅವರ ಪ್ರಯೋಗಶಾಲೆಗಳು, ಮೆದುಳಿನ ಹೈಪೊಥಲಾಮಸ್ ಭಾಗವು ಪಿಟ್ಯುಟರಿ ಗ್ರಂಥಿಗೆ ಕಳುಹುವ ಆಜ್ಞಾರಸದ ರಚನೆಯನ್ನು ತಿಳಿಸಿದುವು. ಆ ಭಾಗವನ್ನು ಕೆಡಿಸಿದ ಕೋತಿಗಳಿಗೆ ನಾಬಿಲ್ ಮತ್ತು ಅವರ ಸಂಗಡಿಗರು ಈ ರಸವನ್ನು ಗಂಟೆಗೊಮ್ಮೆ ಕೊಟ್ಟಾಗ ಗ್ರಂಥಿಯು ಎಚ್ಚತ್ತಿತು. ಎಡೆಬಿಡದೆ ಕೊಟ್ಟಾಗ ಕುಗ್ಗಿತು. ಇದು 1978ರ ಮಾತು. ರಸವೊಂದೇ ಆದರೂ ತಾಳವು ಬೇರೆಯಾದರೆ ಫಲವು ಬೇರೆ.

ಈ ವ್ಯಾಧಿಯುಳ್ಳ ಅನೇಕರಲ್ಲಿ ಆ ತಾಳವು ತ್ವರಿತಗತಿಯದು. ಆಗ ಪಿಟ್ಯುಟರಿಯಿಂದ ಎಲ್‌ಎಚ್ ಹೆಚ್ಚಾಗಿಯೂ ಎಫ್‌ಎಸ್‌ಎಚ್ ಅದಕ್ಕೆ ತಕ್ಕಷ್ಟಿಲ್ಲದೆಯೂ ಸ್ರವಿಸುವುವು. ಮೊದಲನೆಯದರಿಂದ ಅಂಡಾಶಯದಲ್ಲಿ ಪುರುಷ ಹಾರ್ಮೋನು ಬೆಳೆಯುವುದು; ಎರಡನೆಯದರ ಕೊರತೆಯಿಂದ ಅಂಡವನ್ನು ಹೊತ್ತ ಸಣ್ಣ ಚೀಲಗಳು ಪಕ್ವವಾಗದೆ ನಿಂತುಬಿಡುವುವು. ನೀರುಗುಳ್ಳೆಗಳೆಂದು ಕಂಡುವು ಇವೇ! ಗಾಬಾ, ಕಿಸ್‌ಪೆಪ್ಟಿನ್, ನ್ಯೂರೋಕೈನಿನ್-ಬಿ ಮೊದಲಾದ ಮೆದುಳಿನ ರಾಸಾಯನಿಕಗಳು ಈ ತಾಳವನ್ನು ತಿದ್ದತಕ್ಕವು. ಇವುಗಳಲ್ಲಿ ಕಡೆಯದರ ಕೆಲಸವನ್ನು ತಡೆಯುವ ಔಷಧವನ್ನು ರೋಗಿಗಳಿಗೆ ಕೊಟ್ಟಾಗ ಎಲ್‌ಎಚ್‌ನ ಮಿಡಿತವೂ ಪುರುಷ ಹಾರ್ಮೋನೂ ತಗ್ಗಿದುವೆಂದು 2016ರಲ್ಲಿ ಪ್ರಕಟವಾಯಿತು.

ಹಾಗೆಂದು ಮೆದುಳೊಂದೇ ಮೂಲವೆನ್ನುವುದು ಅವಸರದ ಮಾತಾದೀತು. ಮಿಡಿತವನ್ನು ನಿಧಾನಗೊಳಿಸಬೇಕಾದ ಪ್ರೊಜೆಸ್ಟರೋನಿನ ಆಜ್ಞೆಯು, ಪುರುಷ ಹಾರ್ಮೋನು ಹೆಚ್ಚಿದಲ್ಲಿ ಮೆದುಳಿಗೆ ಮುಟ್ಟದು. ಇನ್ಸುಲಿನ್ನಿನ ಆಧಿಕ್ಯವು ಅಂಡಾಶಯವನ್ನು ಬೇರೆ ಕೆರಳಿಸುವುದು. ತಾರ್ಕಿಕರು ಇದನ್ನು ಬೀಜಾಂಕುರನ್ಯಾಯವೆನ್ನುವರು. ಷಿಕಾಗೋವಿನ ಶಸ್ತ್ರವು ಫಲಿಸಿದುದೂ ಇದರಿಂದಲೇ ಇರಬೇಕು: ಪುರುಷ ಹಾರ್ಮೋನನ್ನು ಮಾಡುವ ಭಾಗವು ಕಡಮೆಯಾದೊಡನೆ ಚಕ್ರವು ಒಂದೆಡೆ ತುಂಡಾಗುತ್ತಿತ್ತು.