ಮೂಲಪಾಠವನ್ನು ನಂಬುವುದೆಂತು?

ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆಗೆ ಎರಡು ರೂಪಗಳುಂಟು. ಮನುಷ್ಯನು ಬರೆದು ಮನುಷ್ಯನೇ ಓದಬಲ್ಲದ್ದು ಮೂಲಪಾಠ; ಯಂತ್ರವು ನಡೆಸಬಲ್ಲ ಅಂಕೆಗಳ ಸರಣಿ ಯಂತ್ರಪಾಠ. ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸುವ ಸಾಧನವೇ ಕಂಪೈಲರ್. ವ್ಯವಸ್ಥೆಯ ಒಳಗೂ ಎರಡು ಭಾಗಗಳು: ಯಂತ್ರದ ಸ್ಮೃತಿಯನ್ನೂ ಕಾಲವನ್ನೂ ಹಂಚಿಕೊಡುವ ಕರ್ನಲ್ ಒಂದು, ಅದರ ಆಶ್ರಯದಲ್ಲಿ ನಮ್ಮ ಕೆಲಸಗಳನ್ನು ಮಾಡಿಕೊಡುವ ಉಪಕರಣಗಳ ಸಮೂಹ ಇನ್ನೊಂದು. ಇವೆರಡನ್ನೂ ಮೂಲಪಾಠದಿಂದಲೇ ಹೊಸದಾಗಿ ಕಟ್ಟಿಕೊಳ್ಳುವ ಪದ್ಧತಿಗೆ ಈಗ ಅರ್ಧ ಶತಮಾನದ ಇತಿಹಾಸವಿದೆ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಆರಂಭಿಸಿದ ಯೂನಿಕ್ಸ್, 1973ರಲ್ಲಿ ಸಿ ಭಾಷೆಯಲ್ಲಿ ಮರುರಚಿತವಾಯಿತು. ಅದರಿಂದ ಒಂದೇ ಯಂತ್ರದ ಹಂಗು ತಪ್ಪಿತು. ಕಂಪೈಲರ್ ಇದ್ದಲ್ಲಿ ವ್ಯವಸ್ಥೆಯನ್ನು ಮತ್ತೆ ಕಟ್ಟಬಹುದಾಯಿತು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಪ್ರಕಟಿಸಿದ ಲಿನಕ್ಸ್ ಕರ್ನಲ್ಲಿನ ಮೂಲಪಾಠವು ಎಲ್ಲರಿಗೂ ತೆರೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಸಂಸ್ಥೆಯ ತಂತ್ರಜ್ಞರೂ ಕೂಡಿ 2001ರಲ್ಲಿ ಲೋಕದ ಮುಂದಿಟ್ಟ ಅಂಗೈಯಗಲದ ಸಿಂಪ್ಯೂಟರ್ ನಡೆದದ್ದು ಆ ಲಿನಕ್ಸಿನ ಬಲದಿಂದಲೇ.

ಹೀಗೆ ಮೂಲಪಾಠ ಕೈಯಲ್ಲಿದ್ದರೆ ಸಾಕೆ? ಸಾಲದೆಂದು ತೋರಿಸಿಕೊಟ್ಟವರು ಥಾಂಪ್ಸನ್ನರೇ. ಟ್ಯೂರಿಂಗ್ ಪ್ರಶಸ್ತಿಯ ಸಂದರ್ಭದಲ್ಲಿ ಅವರು ಮಾಡಿದ ಉಪನ್ಯಾಸ 1984ರಲ್ಲಿ ಅಚ್ಚಾಯಿತು. ಕಂಪೈಲರಿನಲ್ಲಿ ಒಂದು ಕಪಟವನ್ನು ಅಡಗಿಸಿಟ್ಟರೆ, ಅದು ತಾನು ಕಟ್ಟುವ ಪ್ರವೇಶದ್ವಾರದಲ್ಲಿ ಕಳ್ಳಗಂಡಿಯೊಂದನ್ನು ಕೊರೆದಿಡಬಲ್ಲದು. ಮುಂದಿನ ಕಂಪೈಲರನ್ನು ಕಟ್ಟುವಾಗ ಅದೇ ಕಪಟವನ್ನು ಅದಕ್ಕೂ ದಾಟಿಸಬಲ್ಲದು. ಆಮೇಲೆ ಮೂಲಪಾಠದಿಂದ ಅದರ ಗುರುತನ್ನು ಅಳಿಸಿದರೂ ಕೇಡು ಉಳಿಯುತ್ತದೆ.

ಇದು ನಮ್ಮ ಭಾಗದ ಕೃಷಿಕನಿಗೆ ಅಪರಿಚಿತವಲ್ಲ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿನ ಕಮಲಾಪುರವು ಕೆಂಪು ಬಾಳೆಗೆ ಹೆಸರಾದ ಊರು. ಬಾಳೆಯನ್ನು ಬೀಜದಿಂದ ಬೆಳೆಯುವುದಿಲ್ಲ; ತಾಯಿಗಿಡದ ಕಂದನ್ನು ಕಿತ್ತು ನೆಡಬೇಕು. ತಾಯಿಗೆ ನಂಜುರೋಗವಿದ್ದರೆ, ನೆಲವೆಷ್ಟೇ ಶುದ್ಧವಾಗಿದ್ದರೂ ಕಂದಿನೊಡನೆ ರೋಗವೂ ಬರುತ್ತದೆ. ಕಂಪೈಲರಿನ ವಂಶವೂ ಇಂಥದೇ.

ಪರಿಹಾರವು ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಸಹಜವಾಗಿ ತೋರುವಂಥದು. ಒಂದೇ ಓಲೆಗರಿಯನ್ನು ನಂಬದೆ, ಬೇರೆ ಪರಂಪರೆಯ ಪ್ರತಿಯೊಡನೆ ಹೋಲಿಸುವುದು ನಮ್ಮ ಕ್ರಮ. ಡೇವಿಡ್ ವೀಲರ್ 2005ರಲ್ಲಿ ವಿವರಿಸಿದ್ದೂ ಬಹುಮಟ್ಟಿಗೆ ಇದನ್ನೇ. ಶಂಕಿತ ಕಂಪೈಲರಿನ ಮೂಲಪಾಠವನ್ನು ಸಂಬಂಧವಿಲ್ಲದ ಇನ್ನೊಂದು ಕಂಪೈಲರಿನಿಂದ ಕಟ್ಟಬೇಕು. ಹಾಗೆ ಕಟ್ಟಿದ್ದರಿಂದ ಅದೇ ಮೂಲಪಾಠವನ್ನು ಮತ್ತೊಮ್ಮೆ ಕಟ್ಟಬೇಕು. ಕೊನೆಯ ಫಲವು ಶಂಕಿತ ಯಂತ್ರಪಾಠದೊಡನೆ ಅಂಕೆಗೆ ಅಂಕೆ ಕೂಡಿದರೆ ಸಂದೇಹ ನೀಗುತ್ತದೆ. 2023ರಲ್ಲಿ ಗ್ವಿಕ್ಸ್ ಯೋಜನೆಯವರು ಇನ್ನೂ ಮುಂದೆ ಸಾಗಿ, ಕೇವಲ 357 ಬೈಟುಗಳ ಬೀಜದಿಂದ ಆರಂಭಿಸಿ ಹಂತಹಂತವಾಗಿ ಕಂಪೈಲರನ್ನು ಬೆಳೆಸಿದರು. ಅಷ್ಟು ಚಿಕ್ಕದನ್ನು ಮನುಷ್ಯನು ಕಣ್ಣಿಟ್ಟು ಓದಿ ಮುಗಿಸಬಹುದು.

ಇದು ಕೇವಲ ತಂತ್ರಜ್ಞರ ಚಿಂತೆಯಲ್ಲ. ಕಮಲಾಪುರದ ರೈತನ ಪಹಣಿಯೂ ಕಲಬುರಗಿಯ ವರ್ತಕನ ಬ್ಯಾಂಕಿನ ಲೆಕ್ಕವೂ ಇಂದು ಯಂತ್ರಪಾಠದ ಕಾವಲಿನಲ್ಲಿವೆ. ಆ ಪಾಠವು ಎಲ್ಲಿಂದ ಬಂತೆಂದು ಕೇಳುವ ಹಕ್ಕು ಅವರಿಗೂ ಉಂಟು. ಕೇಳಿದಾಗ ತೋರಿಸಬಲ್ಲ ಸಾಕ್ಷ್ಯವನ್ನು ಕಾಪಾಡಿಕೊಂಡು ಬರುವುದು ವಿದ್ಯಾವಂತರ ಹೊಣೆ.