ಗಂಟಿನಲ್ಲಿ ಏನು ಕಟ್ಟಿಕೊಂಡರು?

ವಾಡಿ ಜಂಕ್ಷನ್ ನಮಗೆ ದಿನವೂ ಕಾಣುವ ನಿಲ್ದಾಣ. 1874ರಲ್ಲಿ ಸಿಕಂದರಾಬಾದಿನಿಂದ ಬಂದ ನಿಜಾಮರ ರೈಲುಮಾರ್ಗ ಇಲ್ಲಿ ಮುಂಬಯಿ ಮಾರ್ಗವನ್ನು ಕೂಡಿತು. ಅಂದಿನಿಂದ ಹೈದರಾಬಾದ್ ಸಂಸ್ಥಾನಕ್ಕೆ ಇದೊಂದು ಹೆಬ್ಬಾಗಿಲು. 1948ರ ನಂತರ ಪಾಕಿಸ್ತಾನಕ್ಕೆ ಹೊರಟವರಿಗೂ ಮುಂಬಯಿ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಕರಾಚಿಗೆ ಇದೊಂದು ದಾರಿಯಾಗಿತ್ತು.

ಅವರು ಏಕೆ ಹೊರಟರು? ಮೊದಲು ರಜಾಕಾರರ ಹಾವಳಿಯಲ್ಲಿ ಹಿಂದೂ ಕುಟುಂಬಗಳು ನೊಂದವು. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ಪೊಲೀಸ್ ಕಾರ್ಯಾಚರಣೆ ನಡೆಯಿತು. ಆ ನಂತರದ ದಿನಗಳಲ್ಲಿ ಮುಸ್ಲಿಂ ಕುಟುಂಬಗಳು ನೊಂದವು. ಪಂಡಿತ ಸುಂದರ್‌ಲಾಲ್ ಸಮಿತಿಯು ಅತಿ ಹೆಚ್ಚು ಹಾನಿಗೊಳಗಾದ ಜಿಲ್ಲೆಗಳಲ್ಲಿ ಗುಲ್ಬರ್ಗಾ, ಬೀದರ್, ಉಸ್ಮಾನಾಬಾದ್ ಮತ್ತು ನಾಂದೇಡನ್ನು ಹೆಸರಿಸಿತು. ಆ ವರದಿ ಸಾರ್ವಜನಿಕರಿಗೆ ಸಿಕ್ಕಿದ್ದು 2013ರಲ್ಲಿ. ಆದರೂ ನಮ್ಮ ಭಾಗದ ಬಹುಪಾಲು ಮುಸ್ಲಿಮರು ಹುಟ್ಟಿದ ನೆಲದಲ್ಲೇ ಉಳಿದರು. ಕೆಲವರು ಮಾತ್ರ ಹೊರಟರು.

ಹೊರಟವರ ಮುಂದಿದ್ದ ಪ್ರಶ್ನೆ ಒಂದೇ: ಏನು ಒಯ್ಯುವುದು? ತಾಮ್ರದ ಹಂಡೆ, ಬೀಸುಕಲ್ಲು, ತೊಟ್ಟಿಲು ಭಾರದ ವಸ್ತುಗಳು. ಕೈಯಲ್ಲಿದ್ದ ಹಣವಾದರೂ ನಿಜಾಮರ ಹಾಲಿ ಸಿಕ್ಕಾ. ಸಂಸ್ಥಾನದ ಹೊರಗೆ ಅದು ನಡೆಯುತ್ತಿರಲಿಲ್ಲ. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ರೂಪಾಯಿಯಂತೆ ಬದಲಾಯಿಸಿಕೊಳ್ಳಬೇಕಿತ್ತು. 1959ರಲ್ಲಿ ಆ ನಾಣ್ಯವೇ ಚಲಾವಣೆಯಿಂದ ಹೋಯಿತು. ಹೊಲ-ಮನೆಯ ಕಾಗದಗಳು ಹಗುರವೇನೋ ನಿಜ. ಆದರೆ 1950ರ ನಿರ್ವಸಿತರ ಆಸ್ತಿ ಕಾಯ್ದೆಯ ಪ್ರಕಾರ, ದೇಶ ಬಿಟ್ಟವರ ಆಸ್ತಿ ಸರ್ಕಾರದ ಕಸ್ಟೋಡಿಯನ್ ವಶಕ್ಕೆ ಹೋಗುತ್ತಿತ್ತು. ಹೋಗಿ ನೋಡಿ ಮರಳೋಣವೆಂದರೆ, 1948ರ ಜುಲೈಯಿಂದಲೇ ಪಶ್ಚಿಮ ಪಾಕಿಸ್ತಾನದಿಂದ ಬರುವವರಿಗೆ ಪರ್ಮಿಟ್ ಕಡ್ಡಾಯವಾಗಿತ್ತು. ಹೀಗೆ ಬೆಲೆಬಾಳುವುದೆಂದು ಕಟ್ಟಿಕೊಂಡ ಹಲವು ವಸ್ತುಗಳು ಗಡಿ ದಾಟುತ್ತಲೇ ಬೆಲೆ ಕಳೆದುಕೊಂಡವು.

ಬೆಲೆ ಕಳೆದುಕೊಳ್ಳದ ವಸ್ತು ಯಾವುದು? ನಮ್ಮ ಗುಲ್ಬರ್ಗಾ ಜಿಲ್ಲೆಯ ಒಂದೇ ಮನೆಯ ಮೂವರು ಸಹೋದರರನ್ನು ನೋಡೋಣ. ಲೇಖಕ ಇಬ್ರಾಹೀಂ ಜಲೀಸ್ 1948ರಲ್ಲಿ ಪಾಕಿಸ್ತಾನಕ್ಕೆ ಹೋದರು. ಹೈದರಾಬಾದಿನ ಪತನವನ್ನು 'ದೋ ಮುಲ್ಕ್ ಏಕ್ ಕಹಾನಿ' ಎಂಬ ಕೃತಿಯಲ್ಲಿ ಬರೆದರು. ಪತ್ರಕರ್ತರಾಗಿ ದುಡಿದು 1977ರಲ್ಲಿ ಕರಾಚಿಯಲ್ಲಿ ನಿಧನರಾದರು. ಅಣ್ಣ ಮಹಬೂಬ್ ಹುಸೇನ್ ಜಿಗರ್ ಇಲ್ಲೇ ಉಳಿದರು. 1949ರಲ್ಲಿ ಆಬಿದ್ ಅಲಿ ಖಾನರ ಜೊತೆ ಹೈದರಾಬಾದಿನಲ್ಲಿ 'ಸಿಯಾಸತ್' ಉರ್ದು ಪತ್ರಿಕೆಯನ್ನು ಕಟ್ಟಿದರು. ತಮ್ಮ ಮುಜ್ತಬಾ ಹುಸೇನ್ ಅದೇ ಪತ್ರಿಕೆಯಲ್ಲಿ ಬರೆದು ಉರ್ದು ಹಾಸ್ಯ ಸಾಹಿತ್ಯದಲ್ಲಿ ದೊಡ್ಡ ಹೆಸರಾದರು. 2007ರಲ್ಲಿ ಪದ್ಮಶ್ರೀ ಪಡೆದರು. ಹೋದವರನ್ನೂ ಉಳಿದವರನ್ನೂ ಸಾಕಿದ್ದು ಒಂದೇ ಬಂಡವಾಳ: ಕಲಿತ ಭಾಷೆ ಮತ್ತು ಬರೆಯುವ ಕೈ. ಅದಕ್ಕೆ ಪರ್ಮಿಟ್ ಬೇಕಿರಲಿಲ್ಲ, ಅದನ್ನು ಯಾವ ಕಸ್ಟೋಡಿಯನ್ನನೂ ವಶಪಡಿಸಿಕೊಳ್ಳಲಾಗಲಿಲ್ಲ.

ಆದರೆ ಒಂದನ್ನು ಮರೆಯಬಾರದು. ಎಲ್ಲರ ಬಳಿಯೂ ಈ ಬಂಡವಾಳ ಇರಲಿಲ್ಲ. ಓದು ಬಾರದ ರೈತ, ನೇಕಾರ, ಕೂಲಿಕಾರ ಹೊರಟರೂ ಉಳಿದರೂ ಬರಿಗೈಯಲ್ಲಿದ್ದರು. ಶಿಕ್ಷಣ ಸಂಸ್ಥೆಗಳು ನಮ್ಮ ಭಾಗಕ್ಕೆ ಏಕೆ ಬೇಕು ಎಂಬುದಕ್ಕೆ ಇತಿಹಾಸ ಕೊಡುವ ಉತ್ತರ ಇದೇ.

ಪ್ರಿಯ ವಿದ್ಯಾರ್ಥಿಗಳೇ, ಇಂದು ನಮ್ಮ ಯುವಕರು ದುಡಿಯಲು ಸೌದಿ, ದುಬೈಗೆ ಹೊರಡುತ್ತಾರೆ. ಅವರ ಪೆಟ್ಟಿಗೆಯಲ್ಲೂ ಹೆಚ್ಚು ಬೆಲೆಬಾಳುವುದು ಪ್ರಮಾಣಪತ್ರ, ಅದರ ಹಿಂದಿನ ಕಸುಬು. ಆ ಕಾಲವನ್ನು ಕಂಡ ಹಿರಿಯರು ಈಗ ಬೆರಳೆಣಿಕೆಯಷ್ಟು ಮಂದಿ. ನಿಮ್ಮ ಮನೆಯ ದಾದಾ, ನಾನಿಯರ ಬಳಿ ಕುಳಿತು ಕೇಳಿ: ನಮ್ಮವರಲ್ಲಿ ಯಾರು ಹೋದರು, ಏನನ್ನು ಒಯ್ದರು, ಏನನ್ನು ಬಿಟ್ಟರು? ಕೇಳಿದ್ದನ್ನು ಉರ್ದುವಿನಲ್ಲಾಗಲಿ, ಕನ್ನಡದಲ್ಲಾಗಲಿ ಬರೆದಿಡಿ.